ನಾಲ್ಕು ಗಂಟೆಯ ದೆವ್ವ

ಕ್ಲೋಡೆಟ್ ತಿಬೊಡೊಗೆ ಅರವತ್ತೇಳು,
ಬಲ ಮಂಡಿಯಲ್ಲಿ ಸ್ಟೀಲು.
ಲ್ಯೂಯಿಸ್ಟನ್ನಿನ ಈ ಮೂರಂತಸ್ತಿನ ಮರದ ಮನೆಯಲ್ಲಿ
ಅವಳು ನಡುವೆ, ನಾನು ಮೇಲೆ.
ರಾತ್ರಿಪಾಳಿ ನನ್ನದು, ಆಸ್ಪತ್ರೆಯ ರಕ್ತನಿಧಿಯಲ್ಲಿ.
ಹಗಲು ಪರದೆ ಎಳೆದು ಮಲಗುತ್ತೇನೆ,
ಹೊತ್ತಿಳಿದ ಮೇಲೆ ಏಳುತ್ತೇನೆ.
"ಇದಕ್ಕೆ ನೀನೇ ಸರಿ," ಅಂದಳು ಕ್ಲೋಡೆಟ್
ಶವಪೆಟ್ಟಿಗೆಯಾಕಾರದ ಡಬ್ಬಿ ತೆರೆದು.

ಒಳಗೆ ನೂರಹನ್ನೆರಡು ಡಿವಿಡಿ,
ಬಳೆಗಾರನ ಮಲಾರದಂತೆ ಸಾಲಾಗಿ.
ಷೂ ಕಾರ್ಖಾನೆಯ ಪಿಂಚಣಿಯಲ್ಲಿ ಮೂರು ಕಂತು.

"ಶಾಲೆಯ ಗಂಟೆ ಹೊಡೆದದ್ದೇ ಓಟ,
ಕಾಲುವೆಯ ಸೇತುವೆ ದಾಟಿ, ನಾನು, ಅಕ್ಕ ಇವೆಟ್.
ಅಮ್ಮ ಗಿರಣಿಯ ಎರಡನೇ ಪಾಳಿಗೆ ಹೋಗಿರುತ್ತಿದ್ದಳು.
ಮನೆ ನಮ್ಮದು, ದೆವ್ವದ್ದು.
ಮನೆಮಾತು ಫ್ರೆಂಚು; ಇಂಗ್ಲಿಷ್ ಕಲಿಸಿದ್ದು
ಈ ಸತ್ತವನೇ. ಅದಕ್ಕೇ ನೋಡು,
ಶಾಪ ಹಾಕುವುದು ಇವತ್ತಿಗೂ ಸಲೀಸು ನನಗೆ,
ಅಂಗಡಿಯಲ್ಲಿ ಚಿಲ್ಲರೆ ಕೇಳುವುದು ಕಷ್ಟ."

ಅಲೆ, ಬಂಡೆ, ಒಂದು ದೀಪದ ಕಿಟಕಿ.
ಎಲೈಹು ಥಾರ್ನ್‌ಡೈಕ್ ಏಳುತ್ತಾನೆ
ಇನ್ನೂರು ವರ್ಷದ ನಿದ್ದೆಯಿಂದ, ಕ್ರಾಪು ಕೆಡದೆ.
ಬಾಗಿಲು ಹಾಕಿದರೆ ಕಲ್ಲಿನ ಗೋಡೆ ನಡುಗುತ್ತದೆ.
ಮೊಣಕೈ ತಗುಲಿ ಗೋರಿ ವಾಲುತ್ತದೆ,
ವಿಧವೆ ಅಳುತ್ತಲೇ ಅದನ್ನು ಹಿಡಿದು ನಿಲ್ಲಿಸುತ್ತಾಳೆ.
ಅವನ ಹಣೆಯ ಮೇಲೆ ಮೈಕಿನ ನೆರಳು,
ಮೂಗಿನ ಮೇಲೆ ನೊಣ;
ಮಾತು ಮರೆತು ಎಡಕ್ಕೆ ನೋಡುತ್ತಾನೆ,
ಅಲ್ಲಿ ಯಾರೋ ಹಲಗೆ ಹಿಡಿದಿರಬೇಕು,
ಪರೀಕ್ಷೆಯ ಹುಡುಗನಿಗೆ ಕಿಟಕಿಯಿಂದ ಉತ್ತರ ತೋರಿಸುವ ಹಾಗೆ.

ನಾನು ನಕ್ಕೆ. ಅವಳು ನಗಲಿಲ್ಲ.
"ಆಗ ಇದೆಲ್ಲ ಕಾಣುತ್ತಿರಲಿಲ್ಲ.
ನಮ್ಮ ಟೀವಿಯ ಒಳಗೂ ಹಿಮ ಬೀಳುತ್ತಿತ್ತು."

ಪ್ರತಿ ಸಂಚಿಕೆಯ ತುದಿಗೂ ಒಂದು ಕಿರುಚು,
ಆಮೇಲೆ ಅಕ್ಷರ: ಉಳಿದದ್ದು ನಾಳೆ.
ನಾನು ಹೇಳಿದೆ, ನಮ್ಮ ಕಡೆ ಬಾಗಿಲಿಗೆ ಬರೆಯುತ್ತಿದ್ದರು
ಸುಣ್ಣದಲ್ಲಿ, ನಾಳೆ ಬಾ ಎಂದು.
ರಾತ್ರಿ ಬಂದ ದೆವ್ವ ಓದಿಕೊಂಡು ಹೋಗುತ್ತದೆ,
ಮಾರನೇ ರಾತ್ರಿ ಬಂದು ಮತ್ತೆ ಓದುತ್ತದೆ.
"ಅದಕ್ಕೆ ಓದಲು ಬರುತ್ತದೆಯೆ?"
"ಕನ್ನಡ ಮಾತ್ರ."
"ಪಾಪ," ಅಂದಳು. "ನಮ್ಮದು ಹೇಳಿದ ಮಾತಿಗೆ ತಪ್ಪದೆ
ಬರುತ್ತಿತ್ತು, ಸೋಮವಾರದಿಂದ ಶುಕ್ರವಾರ.
ಶನಿವಾರ ಭಾನುವಾರ ನಾವೇ ದೆವ್ವಗಳು."

ಈಗ ಕಿರುಚು ಮುಗಿಯುವ ಮೊದಲೇ
ಮುಂದಿನ ಸಂಚಿಕೆ ಶುರು.
ಒಂದು ವಾರವನ್ನು ಒಂದೇ ಸಂಜೆ ತಿಂದು ಮುಗಿಸುತ್ತೇವೆ,
ಪೊಟ್ಟಣದ ಕಡಲೆಕಾಯಿಯಂತೆ, ಕೊನೆಗೆ ಜೊಳ್ಳು ಹುಡುಕುತ್ತ.

ಒಂಬೈನೂರ ಹದಿನಾಲ್ಕನೆಯದು ಕಳೆದುಹೋಗಿದೆ.
ಸ್ಟುಡಿಯೋದವರು ಅಳಿಸಿ ಮೇಲೆ ಬೇರೇನೋ ತುಂಬಿದರಂತೆ.
ಇರುವುದು ಅಲುಗದ ಚಿತ್ರಗಳು, ಮತ್ತೆ ಧ್ವನಿ,
ಯಾವುದೋ ಊರಲ್ಲಿ ಯಾವುದೋ ಹುಡುಗಿ
ಟೀವಿಗೆ ಟೇಪ್ ರೆಕಾರ್ಡರ್ ಒತ್ತಿಹಿಡಿದು ಉಳಿಸಿದ್ದು.
ಕ್ಲೋಡೆಟ್ ಮಂಡಿ ಮರೆತು ಮುಂದೆ ಜಾರಿದಳು.
ಇವೆಟ್ ಹೀಗೇ ಹಿಡಿಯುತ್ತಿದ್ದಳು, ಉಸಿರು ಕಟ್ಟಿ,
ಕೆಮ್ಮು ಬಂದರೆ ಲಂಗದ ಅಂಚು ಬಾಯಿಗೆ ತುರುಕಿ.
ಆ ಸುರುಳಿಗಳನ್ನು ಅಮ್ಮ ಆಮೇಲೆ, ಎಪ್ಪತ್ತೊಂದರ ಚಳಿಗಾಲ,
ಚರ್ಚಿನವರಿಗೆ ಕೊಟ್ಟಳು, ಇವೆಟ್‌ಳ ಕೋಟಿನ ಜೊತೆ.

ಥಾರ್ನ್‌ಡೈಕ್ ಯಾರಿಗೋ ಪ್ರೇಮ ನಿವೇದಿಸುತ್ತಿದ್ದ.
ಹಿಂದೆ ನಾಯಿ ಬೊಗಳಿತು, ಕತೆಯಲ್ಲಿಲ್ಲದ ನಾಯಿ.
ಕೆಟಲಿನ ಸಿಳ್ಳೆ. ಒಂದು ಬಾಗಿಲು.
ದೂರದಿಂದ ಹೆಂಗಸೊಬ್ಬಳು: ತಟ್ಟೆ ಇಡು ಬಾರೇ.
ಆಮೇಲೆ, ತೀರಾ ಹತ್ತಿರ, ಒಂದು ಮಗುವಿನ ಉಸಿರು.

ಕ್ಲೋಡೆಟ್ ಹಿಂದಕ್ಕೋಡಿಸಿದಳು. ಮತ್ತೆ. ಮತ್ತೂ ಒಮ್ಮೆ.
"ನಮ್ಮನೆಯಲ್ಲಿ ನಾಯಿ ಇರಲಿಲ್ಲ," ಅಂದಳು ಕೊನೆಗೆ,
"ಅಮ್ಮ ಬೈದದ್ದೂ ಫ್ರೆಂಚಿನಲ್ಲೇ."
ಆದರೂ ಮತ್ತೆ ಒತ್ತಿದಳು.

ನಾನು ಪಾಳಿಗೆ ಹೊರಟಾಗ ಒಂಬತ್ತೂವರೆ.
ಮೆಟ್ಟಿಲ ತುಂಬ ಕೆಳಮನೆಯವರ ಬೂಟಿನ ಒದ್ದೆ.
ಕುಂಟುತ್ತ ಬಾಗಿಲ ತನಕ ಬಂದು ಕೈಗೆ ಸೀಮೆಸುಣ್ಣವಿಟ್ಟಳು,
ಚರ್ಮ ಗುರುತು ಮಾಡುವ, ಚಪ್ಪಟೆ, ನೀಲಿ.
"ಬರೆ, ಆ ನಿನ್ನ ಎರಡು ಪದ."
ಬರೆದೆ, ಅವಳ ಎತ್ತರಕ್ಕೆ.
ತಲೆ ವಾರೆ ಮಾಡಿ ನೋಡಿದಳು,
ಒಂದು ಹೊಲಿಗೆ ಸರಿಬಂತೋ ಎಂದು ನೋಡುವಂತೆ.

"ಇವೆಟ್‌ಗೆ ಇದು ಓದಲು ಬರುವುದಿಲ್ಲ," ಅಂದಳು.
"ಸುಣ್ಣ ಕೊಡಿಲ್ಲಿ. ಕೆಳಗೆ ಫ್ರೆಂಚಿನಲ್ಲೂ ಬರೀತೀನಿ."