ಐದನೇ ನಂಬರಿನ ದಾರ

ಬಿಳಿ ಬೇಕು, ಎಂದಳು ಏಲ್ದ್ರಿಡ್.
ಯಾವ ಬಿಳಿ, ಎಂದೆ.

ನೂರ್‌ಹೈಮ್‌ಸುಂದದ ಈ ಅಂಗಡಿಗೆ ಬರುವವರೆಲ್ಲ
ಮೊದಲು ಎಡವುವುದು ಇಲ್ಲೇ.
ಏಳು ಖಾನೆ ಎಳೆದು ತೋರಿಸಿದೆ:
ಆಗಷ್ಟೇ ಕರೆದ ಹಾಲಿನದು, ಕಡೆದ ಮಜ್ಜಿಗೆಯದು,
ಮೊಟ್ಟೆಚಿಪ್ಪಿನದು, ಇಗರ್ಜಿ ಗೋಡೆಯ ಸುಣ್ಣದ್ದು,
ಒಗೆದೊಗೆದು ಸವೆದ ದಿಂಬಿನ ಚೀಲದ್ದು,
ಫೋಲ್ಗೆಫೊನ್ನದ ನೆತ್ತಿಯಲ್ಲಿ ಆಗಸ್ಟಿನಲ್ಲೂ ಕರಗದೆ ಕೂತ
ಹಳೇ ಹಿಮದ್ದು, ಒಳಗೊಳಗೆ ನೀಲಿ.
ಏಳನೆಯದಕ್ಕೆ ಹೆಸರಿಲ್ಲ. ಯಾರೂ ಕೇಳುವುದಿಲ್ಲ,
ಆದರೂ ತರಿಸುತ್ತೇನೆ.

ಬಟ್ಟೆಯನ್ನು ಮೇಜಿನ ಮೇಲಿಟ್ಟು ನೋಡಬಾರದು.
ಕಿಟಕಿಗೆ ಹಿಡಿ, ಎಂದೆ.
ಹಾಸು ಎಷ್ಟೋ ಹೊಕ್ಕೂ ಅಷ್ಟೇ,
ಅಂಗುಲಕ್ಕೆ ಇಪ್ಪತ್ತೆರಡು.
ಒಂದು ಕಡೆ ಹೆಚ್ಚಾದರೆ ಚೌಕ ಸೊಟ್ಟಗಾಗಿ
ಎಂಟು ಮೂಲೆಯ ನಕ್ಷತ್ರ
ಕುಡಿದವನ ಹಾಗೆ ವಾಲುತ್ತದೆ.
ಹತ್ತಿ ಕೈಗೆ ಬೇಗ ಒಗ್ಗುತ್ತದೆ. ಲಿನನ್ ಹಟಮಾರಿ,
ಹತ್ತು ಸಲ ಒಗೆದ ಮೇಲೆ ಮಾತು ಕೇಳುತ್ತದೆ,
ಆಮೇಲೆ ನಿನ್ನ ಮಾತನ್ನಷ್ಟೇ ಕೇಳುತ್ತದೆ.
ಹಿಡಿದಳು. ಎಳೆಗಳ ಸಂದಿಯಲ್ಲಿ
ಫ್ಯೋರ್ಡಿನ ನೀರು, ಒಂದು ದೋಣಿ, ಚೌಕ ಚೌಕವಾಗಿ.

ದಾರಕ್ಕೆ ಬಂದೆವು.
ಐದನೇ ನಂಬರು ದಪ್ಪ, ಎಂಟು ಸಣ್ಣ.
ನಂಬರು ಏರಿದಷ್ಟೂ ದಾರ ಇಳಿಯುತ್ತದೆ.
ನಾಲ್ಕೆಳೆಯ ಮೇಲೆ ಐದು ಹೊಲಿಗೆ, ಒತ್ತೊತ್ತಾಗಿ:
ಅದೊಂದು ಕಟ್ಟೆ. ಕಟ್ಟೆಗೆ ಐದನೆಯದೇ ಆಗಬೇಕು.
ಕಟ್ಟೆ ನಿಂತ ಮೇಲಷ್ಟೇ ಕತ್ತರಿ.
ಕತ್ತರಿಸಿ ಉಳಿದ ಎಳೆಗಳಿಗೆ
ಎಂಟನೆಯದನ್ನು ಸುತ್ತಿ ನೇಯುತ್ತ ಹೋದರೆ…

ಗೊತ್ತು, ಎಂದಳು. ಒಮ್ಮೆ ಮಾಡಿದ್ದೆ. ಕೈಗೆ ಹತ್ತಲಿಲ್ಲ.

ಚೀಲದಿಂದ ತೆಗೆದು ಹರಡಿದಳು,
ಹದಿನೇಳು ವರ್ಷದ ಹಿಂದೆ ತನ್ನ ಮದುವೆಯ ಬುನಾದಿಗೆಂದು
ಶುರುಮಾಡಿದ ಏಪ್ರನ್.
ಎರಡು ಗೇಣು ಮುಗಿದಿದೆ.
ಮೂರನೆಯದರಲ್ಲಿ ಕಟ್ಟೆಯೊಡೆದು
ಕತ್ತರಿಸಿದ ಎಳೆಗಳು ಕೊಯ್ದ ಹುಲ್ಲಿನ ಬುಡದಂತೆ
ಹೊರಗೆ ಚಾಚಿವೆ.
ಕೊನೆಗೆ ಅತ್ತೆಯದನ್ನೇ ಕಟ್ಟಿಕೊಂಡೆ.
ನನ್ನ ಬೆರಳು ಸೇಬಿನ ಪೆಟ್ಟಿಗೆ ಹೊರೋದಕ್ಕೇ ಸರಿ
ಅಂತ ಸೂಜಿ ಮುಟ್ಟಲಿಲ್ಲ.
ಈಗ ಮಗಳು. ಮೇ ತಿಂಗಳಲ್ಲಿ ಅವಳ ದೃಢೀಕರಣ,
ಅಮ್ಮ ಮಾಡಿದ್ದೇ ಬೇಕಂತೆ.

ಕನ್ನಡಕ ಹಾಕಿಕೊಂಡೆ. ಎಣಿಸಿದೆ.
ನಾಲ್ಕು, ಐದು. ನಾಲ್ಕು, ಐದು.
ಎಲ್ಲೂ, ಒಂದೇ ಒಂದು ಎಳೆ ತಪ್ಪಿಲ್ಲ.
ದಾರ ಮಾತ್ರ ಎಂಟನೆಯದು.

ಆ ಚಳಿಗಾಲ ಹಿಮ ಕುಸಿದು ರಸ್ತೆ ಮುಚ್ಚಿತ್ತು.
ಬ್ಯಾರ್ಗೆನ್ನಿನಿಂದ ಮಾಲು ಬಂದಿರಲಿಲ್ಲ. ಐದರ ಖಾನೆ ಖಾಲಿ.
ಹುಡುಗಿಯೊಬ್ಬಳು ಕೈಗವಸು ಕಳಚದೆ ನಿಂತಿದ್ದಳು.
ಒಂದು ವಾರ ಬಿಟ್ಟು ಬಾ ಅನ್ನಲು ನನಗೆ ಬಾಯಿ ಬರಲಿಲ್ಲ,
ಆ ತಿಂಗಳ ಬಾಡಿಗೆ ಹಾಗಿತ್ತು.
ಇದೂ ಆಗುತ್ತೆ ತಗೋ, ಎಂದಿದ್ದೆ.
ಆರು ಉಂಡೆ.

ಕಪ್ಪು ಮಖಮಲ್ಲಿನ ಮೇಲೆ ಎರಡೂ ದಾರ
ಅಕ್ಕಪಕ್ಕ ಮಲಗಿಸಿದೆ.
ತಪ್ಪು ನಿನ್ನ ಕೈಯದಲ್ಲ, ಎಂದೆ. ನನ್ನ ಬಾಯಿಯದು.

ಬಹಳ ಹೊತ್ತು ಹೆಬ್ಬೆರಳಲ್ಲಿ ಹೊಸೆಯುತ್ತಿದ್ದಳು,
ಮೊದಲು ದಪ್ಪದ್ದು, ಆಮೇಲೆ ಸಣ್ಣದ್ದು.
ಹೊರಗೆ ದೋಣಿ ಎರಡು ಸಲ ಕೂಗಿತು.
ಆರು ಉಂಡೆ, ಎಂದಳು. ಅಪ್ಪನ ದುಡ್ಡಿನಲ್ಲಿ.

ಮೊಟ್ಟೆಚಿಪ್ಪಿನದನ್ನು ತಾನೇ ಖಾನೆಯಿಂದ ತೆಗೆದಳು,
ಲಿನನ್ನನ್ನು ಇನ್ನೊಮ್ಮೆ ಕಿಟಕಿಗೆ ಹಿಡಿದಳು.
ದುಡ್ಡು ಬೇಡವೆಂದೆ. ಎಣಿಸಿ ಇಟ್ಟಳು, ಚಿಲ್ಲರೆ ಸಮೇತ.
ಹಳೆಯದನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋಗುತ್ತಾಳೆ
ಅಂದುಕೊಂಡಿದ್ದೆ; ಮಡಚಿ ಒಳಗಿಟ್ಟುಕೊಂಡಳು.

ಬಾಗಿಲ ತನಕ ಹೋಗಿ ತಿರುಗಿ ಬಂದಳು.
ರಸೀದಿ ಕೊಡು ಹೆರ್ಬೊರ್ಗ್, ಎಂದಳು.
ನಂಬರು ಬರೆದು.