ಹತ್ತೊಂಬತ್ತು ಕರೆಯಿತು

ಎಂಎಸ್ಸಿ ನರ್ಸಿಂಗಿನ ಹುಡುಗಿ ಬಂದು
ಆರು ಪುಟದ ಹಾಳೆ ಕೊಟ್ಟು ಹೋಗಿದ್ದಾಳೆ.
ಹೆಸರು ಬೇಡವಂತೆ, ವಯಸ್ಸು ಸಾಕಂತೆ.
ಪುರುಸೊತ್ತಾದಾಗ ತುಂಬಿಸಿಡಿ ಅಕ್ಕಾ, ಎಂದಳು.
ಪುರುಸೊತ್ತು ಎಂಬ ಮಾತಿಗೆ
ಲವೀಟಾ ನಕ್ಕ ನಗು ಇನ್ನೂ
ಡ್ರೆಸ್ಸಿಂಗ್ ಟ್ರಾಲಿಯ ಸುತ್ತ ಓಡಾಡುತ್ತಿದೆ.

ಈಗ ರಾತ್ರಿ ಎರಡೂ ಮುಕ್ಕಾಲು.
ಹೆಂಗಸರ ವಾರ್ಡು. ಮೂವತ್ತೆರಡು ಮಂಚ,
ನೆಲದಲ್ಲಿ ಮೂರು ಚಾಪೆ, ನಾವಿಬ್ಬರು.
ಮೂರನೆಯವಳು ಐಸಿಯುಗೆ ಎರವಲು ಹೋದವಳು
ಮಳೆಗಾಲದಲ್ಲಿ ಎರವಲು ಹೋದ ಕೊಡೆಯ ಹಾಗೆ
ವಾಪಸು ಬಂದಿಲ್ಲ.

ಪ್ರಶ್ನೆ ನಾಲ್ಕು:
ಸಣ್ಣ ಸಣ್ಣದಕ್ಕೂ ಚಿಂತೆ ಮಾಡುವ ಸ್ವಭಾವವೇ ನಿಮ್ಮದು?
ಒಂದರಿಂದ ಐದರೊಳಗೆ ಗುರುತು ಹಾಕಿ.
ಐದು. ಮತ್ತೇನು ಹಾಕಲಿ,
ಚಿಲಕ ಹಾಕಿದೆನೇ ಎಂದು
ನೇತ್ರಾವತಿ ಸಂಕ ದಾಟಿದ ಮೇಲೂ ಬಸ್ಸಿಳಿದು
ತೊಕ್ಕೊಟ್ಟಿಗೆ ವಾಪಸು ಹೋದವಳು ನಾನು.
ಎಣಿಸಿದ ಆಂಪೂಲನ್ನೇ ಮತ್ತೆ ಎಣಿಸುವವಳು.
ಅಮ್ಮ ಅನ್ನುತ್ತಿದ್ದಳು, ಈ ಜಲಜಾಕ್ಷಿ
ಗಂಜಿ ಬಸಿಯುವಾಗಲೂ ಅಗುಳಿನ ಲೆಕ್ಕ ಇಡುತ್ತಾಳೆ.

ಲವೀಟಾ ಹಾಗಲ್ಲ.
ಹನ್ನೆರಡನೇ ಮಂಚದ ಮುದುಕಿ ತೀರಿಕೊಂಡ ರಾತ್ರಿ
ಕಣ್ಣು ಮುಚ್ಚಿಸಿ, ಗಲ್ಲಕ್ಕೆ ಪಟ್ಟಿ ಕಟ್ಟಿ,
ಮಗನಿಗೆ ಫೋನು ಮಾಡಿ, ಕೈ ತೊಳೆದು,
ಡಬ್ಬಿ ಬಿಚ್ಚಿ ಹುರಿದ ಬಂಗುಡೆ ತಿಂದಳು,
ಮುಳ್ಳನ್ನೆಲ್ಲ ನೀಟಾಗಿ ಮುಚ್ಚಳದ ಮೇಲಿಟ್ಟು.
ನನಗೆ ಸಿಟ್ಟು ಬಂದಿತ್ತು.
ಸಿಟ್ಟಲ್ಲ, ಹೊಟ್ಟೆಕಿಚ್ಚು.

ಕಳೆದ ತಿಂಗಳು, ಸಾಲು ಹದಿನಾಲ್ಕನೇ ರಾತ್ರಿಪಾಳಿಯ ಕೊನೆಗೆ
ಅದೇ ಲವೀಟಾ ಲಿನನ್ ಕೋಣೆಯಲ್ಲಿ ನಿಂತು
ಒಂದೇ ಬೆಡ್‌ಶೀಟನ್ನು ಮಡಚಿ, ಬಿಚ್ಚಿ, ಮಡಚಿ, ಬಿಚ್ಚಿ.
ಏನೇ, ಅಂದರೆ
"ಏನಿಲ್ಲ ಮಾರಾಯ್ತಿ, ಮೂಲೆಗೆ ಮೂಲೆ ಕೂರುವುದಿಲ್ಲ."
ಹೊರಗೆ ಬೆಳಕಾಗಿತ್ತು. ಕಂಕನಾಡಿಯ ಕಡೆಯಿಂದ ರೈಲು ಕೂಗಿತು.
ಅವಳ ಸ್ವಭಾವಕ್ಕೆ ಎಷ್ಟು ಅಂಕ ಹುಡುಗೀ,
ಆ ಹದಿನಾಲ್ಕಕ್ಕೆ ಎಷ್ಟು?

ಪ್ರಶ್ನೆ ಹನ್ನೊಂದು:
ರೋಗಿಗಳ ವಿಷಯದಲ್ಲಿ ನೀವು ಮೊದಲಿಗಿಂತ
ಕಲ್ಲಾಗಿದ್ದೀರಿ ಎಂದು

"ಹತ್ತೊಂಬತ್ತು ಕರೆಯಿತು, ಹೋಗಿ ಬರ್ತೇನೆ,"
ಎಂದು ಎದ್ದೆ.
ನಾಲ್ಕು ಹೆಜ್ಜೆ ನಡೆದ ಮೇಲೆ ಕಿವಿಗೆ ಬಿತ್ತು ನನ್ನದೇ ಮಾತು.
ಕರೆಯಿತು.
ದನ ಕರೆಯಿತು, ಕಾಗೆ ಕರೆಯಿತು ಎಂಬ ಹಾಗೆ.
ಯಾವ ಪಾಳಿಯಲ್ಲಿ, ಎಷ್ಟನೇ ವರ್ಷದಲ್ಲಿ
'ಕರೆದರು' ಎಂಬುದು ನನ್ನ ಬಾಯಿಂದ ಉದುರಿಹೋಯಿತು?
ಎಲ್ಲವನ್ನೂ ಎಣಿಸುವ ನಾನು
ಅದನ್ನೊಂದು ಎಣಿಸಿಡಲಿಲ್ಲ.

ಅಪ್ಪಿ ಪೂಜಾರ್ತಿ. ಬೋಳೂರು. ಎಪ್ಪತ್ತೊಂದು.
ಚಾರ್ಟಿನಲ್ಲಿ ಇಷ್ಟೆಲ್ಲ ಇತ್ತು.
"ಒಂತೆ ನೀರ್," ಎಂದರು.
ಬೀಡಿ ಸುತ್ತಿ ಸುತ್ತಿ ಸೊಟ್ಟಗಾದ ಬೆರಳು
ಲೋಟವನ್ನಲ್ಲ, ನನ್ನ ಮಣಿಕಟ್ಟನ್ನು ಹಿಡಿಯಿತು.
ಗುಟುಕರಿಸಿ, ಉಸಿರು ಹುಡುಕಿ, ಕೇಳಿದರು:
"ನಿಕ್ಕ್ ನಿದ್ರೆ ಇಜ್ಜಾ ಮಗಾ?"
ನಿದ್ದೆಯಿಲ್ಲವೇ ಎಂದು ಆರು ಪುಟದಲ್ಲೂ ಇದೆ,
ಒಂದರಿಂದ ಐದರೊಳಗೆ.
ಇವರು ಅಂಕ ಕೇಳಲಿಲ್ಲ.
ಹೀಗೆ ಕೇಳಿದರೆ ಉತ್ತರ ಬರುವುದಿಲ್ಲ ನನಗೆ,
ದಿಂಬು ಸರಿಮಾಡಿದೆ.

ಆಮೇಲೆ ಇಪ್ಪತ್ತೇಳರ ಡ್ರಿಪ್ಪು, ಐದರ ಜ್ವರ,
ಚಾಪೆಯ ಮೇಲಿನ ಹೆಂಗಸಿನ ವಾಂತಿ.
ಐದೂವರೆಗೆ ಹಾಳೆ ಮತ್ತೆ ಸಿಕ್ಕಿತು,
ಮೇಲೊಂದು ಚಹಾದ ಉಂಗುರ.
ಕೊನೆಯ ಪುಟದಲ್ಲಿ, ಬೇರೇನಾದರೂ ಹೇಳುವುದಿದ್ದರೆ,
ಎಂದು ಎರಡು ಗೆರೆ ಎಳೆದು ಬಿಟ್ಟಿದ್ದರು.
ಬರೆದೆ: ನಮ್ಮ ಮೂರನೆಯವಳನ್ನು ವಾಪಸು ಕಳಿಸಿ.
ಒಂದು ಗೆರೆ ಉಳಿಯಿತು.

ಪೆನ್ನಿನ ಟೊಪ್ಪಿ ಹಾಕಿ,
ಮತ್ತೆ ತೆಗೆದು,
ನಾಲ್ಕನೇ ಪ್ರಶ್ನೆಗೆ ಐದೆಂದೇ ಹಾಕಿದ್ದೇನೆಯೇ ಎಂದು
ಇನ್ನೊಮ್ಮೆ ನೋಡಿದೆ.