ಸಂದು

ತೆಂಗಿನ ಪಾತಿ ಸುತ್ತಿ, ಒಗೆಯುವ ಕಲ್ಲಿನ ಹಿಂದೆ ಹಾದು,
ಬಾವಿಕಟ್ಟೆ ಬಳಸಿ ಹೊರಟಲ್ಲಿಗೇ ಬರುವ
ಅರವತ್ತು ಅಡಿ ಹಿತ್ತಾಳೆ ಹಳಿ.
ಹಾಕಿದವರು ಇಬ್ಬರು:
ಪಂಪ್‌ಸೆಟ್ ಮೋಟಾರು ರೀವೈಂಡ್ ಮಾಡುವ ನಾನು,
ಅರಸೀಕೆರೆ ಸೆಕ್ಷನ್ನಿನಲ್ಲಿ ಮೂವತ್ತೊಂದು ವರ್ಷ
ಸ್ಪ್ಯಾನರು ಹೊತ್ತು ನಡೆದ
ಕೀಮ್ಯಾನ್ ದಸ್ತಗೀರ್ ಸಾಬರು.

ಮೊದಲು ನೆಲ, ಅಂದರು.
ಮೂರು ದಿನ ಬರೀ ನೆಲ.
ಸೊಳ್ಳೆಪರದೆಯಲ್ಲಿ ಜರಡಿ ಹಿಡಿದ ಜಲ್ಲಿಯನ್ನು
ಸ್ಲೀಪರಿನಡಿಗೆ ತಿವಿತಿವಿದು ತುಂಬಿ,
ಕೆನ್ನೆ ಮಣ್ಣಿಗೊತ್ತಿ ಒಂದು ಕಣ್ಣು ಮುಚ್ಚಿ ನೋಡುವರು.
'ತಿರುವಲ್ಲಿ ಹೊರಹಳಿ ಒಂದು ನೂಲು ಮೇಲಿರಬೇಕು,
ಇಲ್ದಿದ್ರೆ ಗಾಡಿ ಲೋಲಾಕ್ಷಮ್ಮನ ಕರಿಬೇವಿಗೆ ನುಗ್ತದೆ.'

ಜಗಳ ಬಂದದ್ದು ಸಂದಿನಲ್ಲಿ.
ಹಳಿಗೂ ಹಳಿಗೂ ನಡುವೆ ಉಗುರಿನಷ್ಟು ಬಿಟ್ಟರು.
'ಕರೆಂಟು ಹಾರ್ಕೊಂಡು ಹೋಗುತ್ತಾ, ಸಾಬರೇ?'
'ಏಪ್ರಿಲ್ ಬರ್ಲಿ. ಕಬ್ಬಿಣ ಮೈ ಮುರೀತದೆ. ಜಾಗ ಬೇಡ್ವಾ?'
'ಇದು ಹಿತ್ತಾಳೆ.'
'ಹಿತ್ತಾಳೆಗೇನು ಬೇರೆ ಸೂರ್ಯ ಅವ್ನಾ?'

ಆ ರಾತ್ರಿ ಟಾರ್ಚು ಬಾಯಲ್ಲಿ ಕಚ್ಚಿ
ಹದಿನೈದು ಸಂದಿಗೂ ಬೆಸುಗೆ ಹಾಕಿಬಿಟ್ಟೆ.
ಮೀಟರಿನ ಮುಳ್ಳು ಅಲ್ಲಾಡಲಿಲ್ಲ:
ಆ ತುದಿಗೂ ಹನ್ನೆರಡು ವೋಲ್ಟು, ಈ ತುದಿಗೂ ಹನ್ನೆರಡು.
ಎಂಜಿನ್ನು ಎಣ್ಣೆಯ ಮೇಲೆ ಹೋದಂತೆ ಹೋಯಿತು.
ಸಾಬರು ನೋಡಿದರು, ಟೀ ಕುಡಿದರು,
ಲೋಟ ತೊಳೆದಿಟ್ಟು ಹೋದರು.
ಎರಡು ತಿಂಗಳು ಆ ಗೇಟು ಸದ್ದು ಮಾಡಲಿಲ್ಲ.

ಏಪ್ರಿಲ್ ಬಂತು.
ಮಧ್ಯಾಹ್ನ ಎರಡಕ್ಕೆ, ಒಗೆಯುವ ಕಲ್ಲಿನ ಹಿಂದೆ
ಹಳಿ ಹಾವಾಗಿ ಮಲಗಿತ್ತು.
ಎಂಜಿನ್ನು ಪಕ್ಕಕ್ಕೆ ಬಿದ್ದು ಚಕ್ರ ತಿರುಗಿಸುತ್ತಲೇ ಇತ್ತು,
ಕವುಚಿದ ಜಿರಳೆಯ ಹಾಗೆ.
ಲೋಲಾಕ್ಷಿಯೇ ಹೋಗಿ ಕರೆದಳು.

ಬಂದವರು ಮಾತಾಡಲಿಲ್ಲ. ಹಳಿಯ ಮೇಲೆ ಅಂಗೈ ಇಟ್ಟರು,
ಮಗುವಿನ ಜ್ವರ ನೋಡುವ ಹಾಗೆ.
ಆಮೇಲೆ ಗರಗಸದ ಬ್ಲೇಡು ಕೇಳಿದರು.
ಅವರು ಒಂದು ಕಡೆಯಿಂದ ಕೊಯ್ದರು, ನಾನು ಇನ್ನೊಂದು ಕಡೆಯಿಂದ.
ಕೊಯ್ದಲ್ಲೆಲ್ಲ ಸುತ್ತಿಗೆಂದು ಇಟ್ಟಿದ್ದ ತಾಮ್ರದ ತಂತಿ ತುಂಡರಿಸಿ
ಈ ಹಳಿಯಿಂದ ಆ ಹಳಿಗೆ ಬೆಸೆದೆ.
'ಬಿಗಿ ಬೇಡ, ಸ್ವಲ್ಪ ಸಡಿಲ ಬಿಡಿ,' ಅಂದರು,
ಎರಡು ತಿಂಗಳ ಮೇಲೆ ಮೊದಲ ಮಾತು.

ಬಿಸಿಲು ಇಳಿದ ಮೇಲೆ ಬಿಟ್ಟೆವು.
ಟಕ್‌ಟಕ್. ಟಕ್‌ಟಕ್.
ಸಾಬರು ಪಾತಿಯ ಏರಿ ಮೇಲೆ ಕೂತು ಕಣ್ಣು ಮುಚ್ಚಿದರು.
ದೊಡ್ಡ ಲೈನಿನಲ್ಲಿ ಈಗ ಉದ್ದುದ್ದ ವೆಲ್ಡಿಂಗು,
ಈ ಸದ್ದು ಹೋಗಿ ಎಷ್ಟೋ ಕಾಲವಾಯಿತಂತೆ.
ಗಾಡಿ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

'ಹದಿನಾಲ್ಕೇ ಕೇಳ್ತಾ ಇದಾವೆ,' ಅಂದರು ಕಣ್ಣು ತೆರೆಯದೆ.
'ಬಾವಿ ಹತ್ರ ಒಂದು ಬಿಟ್ಟಿದೀರಿ.'

ಬಿಟ್ಟಿದ್ದೆ.
ಟಾರ್ಚು ತರಲು ಒಳಗೆ ಹೋದೆ.